ಹನ್ನೆರಡು, ಏಳು, ಹತ್ತೊಂಬತ್ತು: ದಿನಚರಿಯ ಪುಟಗಳು

ಫೆಬ್ರವರಿ 4, 2024, ಭಾನುವಾರ, ಬಂಗಾರಪೇಟೆ

ಕನ್ವರ್ಟ್‌ಗೆ ಹೆಸರುಂಟು, ಒಳಗೇನೂ ಇಲ್ಲ. ಬೆಳಿಗ್ಗೆ ಎಕ್ಸೆಲ್ ಕಡತ ಓದುವ ಜಾವಾ ಲೈಬ್ರರಿ ಅಪಾಚೆ ಪಿಒಐಯ ಮೂಲ ಕೋಡು ತೆಗೆದು ಹುಡುಕಿದೆ. ಎಕ್ಸೆಲ್‌ನ ಹಳೆಯ ಅನಾಲಿಸಿಸ್ ಟೂಲ್‌ಪ್ಯಾಕ್‌ನಿಂದ ಬಂದ ಫಂಕ್ಷನ್‌ಗಳದ್ದೊಂದು ಉದ್ದನೆಯ ಪಟ್ಟಿ. ಕೆಲವು ಹೆಸರುಗಳ ಮುಂದೆ ಕೆಲಸ ಮಾಡುವ ಕೋಡು, ಉಳಿದವುಗಳ ಮುಂದೆ ಬರೀ ‘ನಲ್’. ಒಂದು ಅಳತೆಯನ್ನು ಇನ್ನೊಂದಕ್ಕೆ ತಿರುಗಿಸುವ ಕನ್ವರ್ಟ್ ಈ ಉಳಿದವುಗಳ ಪೈಕಿ. ಮೇಡಂ ಕಳಿಸಿದ ಶೀಟನ್ನು ಸರ್ವರ್ ಓದಲು ಹೋದರೆ ಮೊದಲ ಕನ್ವರ್ಟ್ ಸಿಕ್ಕಲ್ಲೇ ‘ಇದನ್ನಿನ್ನೂ ಬರೆದಿಲ್ಲ’ ಎನ್ನುವ ಎಕ್ಸೆಪ್ಶನ್ ಎಸೆದು ನಿಂತುಬಿಡುತ್ತದೆ. ತಪ್ಪು ಉತ್ತರ ಕೊಟ್ಟು ಸುಮ್ಮನಿರುವುದಕ್ಕಿಂತ ಇದೇ ವಾಸಿ.

ಮೇಡಂ ಕೆಜಿಎಫ್‌ನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಾರೆ. ಗಣಿ ಕಂಪನಿಗಳ ಹಳೆಯ ಅಚ್ಚಾದ ಲೆಕ್ಕಗಳನ್ನು, ಅಂದರೆ ಎಷ್ಟು ಅದಿರು ಅರೆದರು, ಎಷ್ಟು ಚಿನ್ನ ಬಂತು, ಎಷ್ಟು ಅಡಿ ಇಳಿದರು ಎಂಬುದನ್ನೆಲ್ಲ ಎಕ್ಸೆಲ್‌ಗೆ ಇಳಿಸುತ್ತಿದ್ದಾರೆ. ಅದನ್ನು ಯಾರು ಬೇಕಾದರೂ ತೆರೆದು ನೋಡುವಂತೆ ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದೇನೆ. ಸರ್ವರ್‌ನಲ್ಲಿ ಎಕ್ಸೆಲ್ ಇರುವುದಿಲ್ಲ. ಸೂತ್ರವನ್ನು ಲೈಬ್ರರಿಯೇ ಬಿಡಿಸಿ, ತುಂಡು ಮಾಡಿ, ಮೊದಲು ಸಂಖ್ಯೆಗಳು ಆಮೇಲೆ ಕ್ರಿಯೆ ಎಂಬ ಕ್ರಮದಲ್ಲಿ ಜೋಡಿಸಿ, ಒಂದೊಂದಾಗಿ ಲೆಕ್ಕ ಹಾಕಬೇಕು. ಫಂಕ್ಷನ್ ಬರೆಯುವವನಿಗೆ ಸಿಗುವುದು ಮುಖ್ಯವಾಗಿ ಬೆಲೆಗಳ ಒಂದು ಸಾಲು. ಪ್ರತಿಯೊಂದೂ ಸಂಖ್ಯೆಯೋ, ಪಠ್ಯವೋ, ಖಾಲಿಯೋ, ದೋಷವೋ, ಇನ್ನೊಂದೋ ಆಗಿರುತ್ತದೆ. ತಿರುಗಿ ಒಂದೇ ಬೆಲೆ ಕೊಡಬೇಕು. ಬರೆದದ್ದನ್ನು ಹೆಸರು ಹೇಳಿ ನೋಂದಾಯಿಸಿದರೆ ಆ ‘ನಲ್’ ಜಾಗದಲ್ಲಿ ಅದು ಕೂರುತ್ತದೆ. ಹೇಳಲು ಇಷ್ಟೇ.

ಫೆಬ್ರವರಿ 8, ಗುರುವಾರ

ಗಾಡಿಯಲ್ಲಿ ಸೀಟು ಸಿಕ್ಕಿತು. ವೈಟ್‌ಫೀಲ್ಡ್ ಬರುವವರೆಗೆ ಓಪನ್‌ಫಾರ್ಮುಲಾ ಓದಿದೆ. 2011ರಲ್ಲಿ ಒಯಾಸಿಸ್ ಸಂಸ್ಥೆ ಒಪ್ಪಿದ ಓಪನ್‌ಡಾಕ್ಯುಮೆಂಟ್ 1.2ರ ಎರಡನೆಯ ಭಾಗ ಅದು. ಸ್ಪ್ರೆಡ್‌ಶೀಟ್ ಸೂತ್ರಗಳು ಹೇಗೆ ನಡೆದುಕೊಳ್ಳಬೇಕೆಂದು ಒಂದೊಂದಾಗಿ ಬರೆದಿಟ್ಟಿದ್ದಾರೆ. ಓದಲು ಬೇಜಾರಾಗುವ ಪುಸ್ತಕ, ಆದರೆ ಬರೆದವರ ತಾಳ್ಮೆಗೆ ಕೈ ಮುಗಿಯಬೇಕು.

ಕನ್ವರ್ಟ್ ಎಂದರೆ ಗುಣಾಕಾರದ ಒಂದು ಪಟ್ಟಿ, ಸಂಜೆಯೊಳಗೆ ಮುಗಿಯುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಅಡಿಗೆ 0.3048, ಪೌಂಡಿಗೆ 453.59237 ಎಂದು ಬರೆದುಕೊಂಡು ಹೋದರಾಯಿತಲ್ಲ. ಉಷ್ಣತೆ ಬಂದ ಕೂಡಲೇ ಪಟ್ಟಿ ಕೈಕೊಡುತ್ತದೆ. ಫ್ಯಾರನ್‌ಹೀಟಿನಿಂದ ಸೆಲ್ಸಿಯಸ್‌ಗೆ ಹೋಗಲು 32 ಕಳೆದೇ ಗುಣಿಸಬೇಕು. ಮೇಡಂ ಶೀಟಿನಲ್ಲಿ ಅದೂ ಇದೆ. ಚಾಂಪಿಯನ್ ರೀಫ್ಸ್‌ನ ಗಣಿಯಾಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಹಳೆಯ ಲೆಕ್ಕಗಳಲ್ಲಿ ಅದು ಫ್ಯಾರನ್‌ಹೀಟಿನಲ್ಲೇ ಇರುವುದು.

ಇನ್ನು ಅಕ್ಷರಗಳ ಕಾಟ. ದೊಡ್ಡ ‘ಸಿ’ ಬರೆದರೆ ಸೆಲ್ಸಿಯಸ್, ಚಿಕ್ಕ ‘ಸಿ’ ಬರೆದರೆ ಕ್ಯಾಲೊರಿ. ಚಿಕ್ಕ ‘ಎಂ’ ಮೀಟರೂ ಹೌದು, ಮಿಲಿಯೂ ಹೌದು. ಆದ್ದರಿಂದ ಮೊದಲು ಇಡೀ ಹೆಸರನ್ನು ಪಟ್ಟಿಯಲ್ಲಿ ಹುಡುಕಿ, ಸಿಗದಿದ್ದರೆ ಮಾತ್ರ ಮೊದಲ ಅಕ್ಷರವನ್ನು ಕಿಲೋ, ಮಿಲಿ ಎಂದು ಕತ್ತರಿಸಬೇಕು. ಚದರ ಕಿಲೋಮೀಟರ್ ಆದರೆ ಕಿಲೋವನ್ನೂ ವರ್ಗ ಮಾಡಬೇಕು, ಸಾವಿರವಲ್ಲ, ಹತ್ತು ಲಕ್ಷ. ಅಡಿಯನ್ನು ಗ್ರಾಮಿಗೆ ತಿರುಗಿಸು ಅಂದರೆ ‘#ಎನ್/ಎ’. ಸಂಖ್ಯೆ ಇರಬೇಕಾದ ಕಡೆ ಸಂಖ್ಯೆಯಾಗಲಾರದ ಪಠ್ಯ ಬಂದರೆ ‘#ವ್ಯಾಲ್ಯೂ!’. ಯಾವ ತಪ್ಪಿಗೆ ಯಾವ ದೋಷ ಎಂಬುದೂ ಉತ್ತರದ ಭಾಗವೇ. ಯಾರದೋ ಶೀಟಿನಲ್ಲಿ ‘ಎನ್/ಎ ಬಂದರೆ ಖಾಲಿ ಬಿಡು’ ಎಂದು ಬರೆದಿರುತ್ತಾರಲ್ಲ.

ಫೆಬ್ರವರಿ 11, ಭಾನುವಾರ

ಮಾರಿಕುಪ್ಪಂ ಗಾಡಿ ಹತ್ತಿ ಕೆಜಿಎಫ್‌ಗೆ ಹೋದೆ. 1894ರಲ್ಲಿ ಗಣಿಗಾಗಿಯೇ ಹಾಕಿದ ಹಳಿ ಇದು, ಊರಿನೊಳಗೇ ನುಗ್ಗಿ ಹೋಗುತ್ತದೆ. ಕಿಟಕಿಯಾಚೆ ಸೈನೈಡ್ ದಿಬ್ಬಗಳು.

ಮೇಡಂ ಮನೆ ರಾಬರ್ಟ್‌ಸನ್‌ಪೇಟೆಯಲ್ಲಿ. ಅವರ ಮಾವನವರು ಗಣಿಯ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಎಂಬತ್ತು ದಾಟಿದ್ದಾರೆ, ಕಿವಿ ಮಂದ, ಲೆಕ್ಕ ಚುರುಕು. ಮನೆಯಲ್ಲಿ ತಮಿಳು, ನನ್ನ ಜೊತೆ ಕನ್ನಡ, ಬಾಗಿಲಿಗೆ ಬಂದ ತರಕಾರಿಯವನ ಜೊತೆ ತೆಲುಗು.

“ಏನ್ ತಂಬಿ, ಕಂಪ್ಯೂಟರ್‌ಗೆ ಔನ್ಸ್ ಗೊತ್ತಿಲ್ವಾ?” ಅಂದರು.

“ಔನ್ಸ್ ಗೊತ್ತು ತಾತ, ಚಿನ್ನದ ಔನ್ಸ್ ಗೊತ್ತಿಲ್ಲ.”

ನಿಜವೇ. ಎಕ್ಸೆಲ್‌ನ ಕನ್ವರ್ಟ್‌ನಲ್ಲಿ ಕಿರಾಣಿ ಔನ್ಸ್ ಇದೆ, 28.35 ಗ್ರಾಮಿನದು. ಚಿನ್ನ ತೂಗುವ ಟ್ರಾಯ್ ಔನ್ಸ್, 31.1034768 ಗ್ರಾಮಿನದು, ಇಲ್ಲ. ಪೆನ್ನಿವೇಯ್ಟ್ ಇಲ್ಲ. ನಮ್ಮ ತೊಲವಂತೂ ಇಲ್ಲವೇ ಇಲ್ಲ. ಪುಣ್ಯಕ್ಕೆ ಗ್ರೇನ್ ಇದೆ. ಎಲ್ಲ ತೂಕಗಳೂ ಗ್ರೇನಿನಲ್ಲಿ ಬಂದು ಸೇರುತ್ತವೆ. ತಾತ ಬೆರಳು ಮಡಿಸುತ್ತಾ ಒಪ್ಪಿಸಿದರು: 24 ಗ್ರೇನಿಗೆ ಒಂದು ಪೆನ್ನಿವೇಯ್ಟು, 20 ಪೆನ್ನಿವೇಯ್ಟಿಗೆ ಒಂದು ಔನ್ಸು, ತೊಲಕ್ಕೆ 180 ಗ್ರೇನು. ಕಿರಾಣಿ ಪೌಂಡೂ 7000 ಗ್ರೇನೇ. ಒಂದು ಗ್ರೇನ್ 0.06479891 ಗ್ರಾಂ, ಇದರಲ್ಲಿ ಹೆಚ್ಚುಕಡಿಮೆ ಇಲ್ಲ. ಮೇಡಂ ತಮ್ಮ ಮೊದಲ ಶೀಟಿನಲ್ಲಿ ಮಾಡಿರುವುದೂ ಇದನ್ನೇ. ಮೂರು ಕಾಲಂ, ಕೂಡಿ ಗ್ರೇನು, ಗ್ರೇನಿನಿಂದ ಕನ್ವರ್ಟ್. ಅಚ್ಚುಕಟ್ಟು.

ಟನ್ ಬಗ್ಗೆ ಕೇಳಿದೆ. ಕನ್ವರ್ಟ್‌ನಲ್ಲಿ ಸುಮ್ಮನೆ ಟನ್ ಎಂದರೆ 2000 ಪೌಂಡಿನ ಅಮೆರಿಕದ ಟನ್. 2240 ಪೌಂಡಿನ ಬ್ರಿಟಿಷ್ ಟನ್ನಿಗೆ ಬೇರೆ ಹೆಸರು. ಅದಿರಿನ ಸತ್ವವನ್ನು ಹಳೆಯವರು ‘ಟನ್ನಿಗೆ ಇಷ್ಟು ಪೆನ್ನಿವೇಯ್ಟ್’ ಎಂದು ಬರೆಯುತ್ತಿದ್ದರು. ಟನ್ನಿಗೆ 10 ಪೆನ್ನಿವೇಯ್ಟ್ ಇದ್ದರೆ, ಸಣ್ಣ ಟನ್ ಲೆಕ್ಕದಲ್ಲಿ ಮೆಟ್ರಿಕ್ ಟನ್ನಿಗೆ 17.14 ಗ್ರಾಂ, ದೊಡ್ಡ ಟನ್ ಲೆಕ್ಕದಲ್ಲಿ 15.31 ಗ್ರಾಂ. ನೂರಕ್ಕೆ ಹನ್ನೆರಡರಷ್ಟು ಅಂತರ. ಚಿನ್ನದ ಮಾತಿನಲ್ಲಿ ಇದು ಸಣ್ಣದಲ್ಲ. ತಾತ ಕನ್ನಡಕ ತೆಗೆದು ಒರೆಸಿ, “ನಾನ್ ಸೇರೋ ಹೊತ್ತಿಗೆ ಕಿಲೋ ಬರ್ತಾ ಇತ್ತು. ಅದಕ್ಕಿಂತ ಹಿಂದಿಂದು ಪುಸ್ತಕಾನೇ ಕೇಳ್ಬೇಕು” ಅಂದರು. ಊಹೆ ಹೇಳಲಿಲ್ಲ. ಅದು ನನಗೆ ಹಿಡಿಸಿತು.

ಫೆಬ್ರವರಿ 15, ಗುರುವಾರ

ಎರಡನೆಯ ಶೀಟು ಬಂತು. ಇದನ್ನು ವಿದ್ಯಾರ್ಥಿಗಳು ಟೈಪ್ ಮಾಡಿದ್ದಂತೆ. ಸಣ್ಣ ಸಣ್ಣ ತೂಕಗಳ ಪಟ್ಟಿ. ಮೂರು ಕಾಲಂ ಯಾಕೆಂದು ಪುಸ್ತಕದಲ್ಲಿ ಇದ್ದ ಹಾಗೆಯೇ ಒಂದೇ ಸೆಲ್‌ನಲ್ಲಿ ಅಡ್ಡಗೆರೆ ಹಾಕಿ ಬರೆದಿದ್ದಾರೆ. 12 ಔನ್ಸ್, 7 ಪೆನ್ನಿವೇಯ್ಟ್, 19 ಗ್ರೇನ್ ಎಂಬುದು 12-7-19.

ಎಕ್ಸೆಲ್ ಅದನ್ನು 2019ರ ಜುಲೈ 12 ಮಾಡಿಕೊಂಡಿದೆ.

ನಗು ಬಂತು, ಆಮೇಲೆ ಭಯವಾಯಿತು. ದಿನಾಂಕವೆಂದರೆ ಎಕ್ಸೆಲ್‌ಗೆ 1900ರಿಂದ ಎಣಿಸಿದ ದಿನಗಳ ಸಂಖ್ಯೆ. ಆ ಸೆಲ್‌ನೊಳಗೆ ಈಗ ಇರುವುದು 43658. ಪಕ್ಕದ ಸಾಲಿನ 8-17-20 ಮಾತ್ರ ಹಾಗೇ ಉಳಿದಿದೆ, ಹದಿನೇಳನೆಯ ತಿಂಗಳು ಇಲ್ಲವಲ್ಲ, ಅದು ಪಠ್ಯ. ಅಂದರೆ ಪೆನ್ನಿವೇಯ್ಟ್ ಹನ್ನೆರಡರೊಳಗಿದ್ದರೆ ಬಹುಪಾಲು ದಿನಾಂಕ, ಹದಿಮೂರರಿಂದ ಹತ್ತೊಂಬತ್ತಾದರೆ ಪಠ್ಯ. ಕೆಳಗೆ ಒಂದು ಸಮ್ ಹಾಕಿದ್ದಾರೆ. ಸಮ್‌ನ ನಿಯಮ ಏನೆಂದರೆ, ಸೆಲ್‌ಗಳ ಸಾಲನ್ನು ಕೊಟ್ಟಾಗ ಅದರಲ್ಲಿರುವ ಪಠ್ಯವನ್ನು ಸದ್ದಿಲ್ಲದೆ ಬಿಟ್ಟು ಸಂಖ್ಯೆಗಳನ್ನು ಕೂಡುತ್ತದೆ. ಅದೇ ಪಠ್ಯವನ್ನು ಬ್ರಾಕೆಟ್ಟಿನೊಳಗೆ ನೇರವಾಗಿ ಬರೆದುಕೊಟ್ಟರೆ ಸಂಖ್ಯೆಯಾಗಿಸಿ ಕೂಡುತ್ತದೆ, ಆಗದಿದ್ದರೆ ದೋಷ ಎಸೆಯುತ್ತದೆ. ಒಂದೇ ಫಂಕ್ಷನ್‌ಗೆ ಎರಡು ಬುದ್ಧಿ. ಹೀಗಾಗಿ ಆ ಮೊತ್ತ ಅರ್ಧ ತೂಕಗಳನ್ನು ಬಿಟ್ಟು, ಇನ್ನರ್ಧವನ್ನು ದಿನಗಳಾಗಿ ಕೂಡಿ, ಲಕ್ಷಗಟ್ಟಲೆಯ ಒಂದು ಗಂಭೀರ ಸಂಖ್ಯೆಯನ್ನು ತೋರಿಸುತ್ತಿದೆ. ದೋಷವಿಲ್ಲ, ಕೆಂಪು ಗುರುತಿಲ್ಲ.

ನಾನು ಬರೆಯುವ ಲೈಬ್ರರಿಯೂ ಅದೇ ತಪ್ಪು ಮೊತ್ತವನ್ನು ಅಷ್ಟೇ ಗಂಭೀರವಾಗಿ ಕೊಡಬೇಕು. ಅದೇ ಈ ಕೆಲಸದ ತಮಾಷೆ.

ಫೆಬ್ರವರಿ 20, ಮಂಗಳವಾರ

ಮೇಡಂ ಫೋನ್ ಮಾಡಿದ್ದರು. “ನೀವು ಬರೆಯೋ ಫಂಕ್ಷನ್ನೇ ಅದನ್ನ ಅರ್ಥ ಮಾಡ್ಕೊಳ್ಳೋ ಹಾಗೆ ಮಾಡಿಬಿಡಿ. ದಿನಾಂಕ ಕಂಡರೆ ತೂಕ ಅಂತ ತಗೊಳ್ಳಲಿ.” ಕೇಳಲು ಸರಿಯೇ. ಆದರೆ ಫಂಕ್ಷನ್ ಕೈಗೆ ಬರುವುದು 43658 ಎಂಬ ಬರೀ ಸಂಖ್ಯೆ. ಅದು ದಿನಾಂಕದ ಉಡುಪಿನಲ್ಲಿತ್ತು ಎಂಬುದು ಸೆಲ್‌ನ ಅಲಂಕಾರಕ್ಕೆ ಸೇರಿದ್ದು, ಬೆಲೆಯ ಜೊತೆ ಬರುವುದಿಲ್ಲ. ನಿಜವಾಗಿಯೂ 43658 ಗ್ರೇನ್ ಇದ್ದರೆ? ಅದು ತೊಂಬತ್ತೊಂದು ಔನ್ಸಿನ ಹತ್ತಿರ, ಇರಬಾರದ ತೂಕವೇನಲ್ಲ.

ಹಾಗೆಂದು ಕೈಬಿಡಬೇಕಾಗಿಲ್ಲ. ಕೂತು ಯೋಚಿಸಿದರೆ ಈ ಅವಾಂತರದಲ್ಲಿ ಒಂದು ಗ್ರೇನೂ ಕಳೆದುಹೋಗಿಲ್ಲ. ದಿನ ಔನ್ಸು, ತಿಂಗಳು ಪೆನ್ನಿವೇಯ್ಟು, ವರ್ಷದಲ್ಲಿ 2000 ಕಳೆದರೆ ಗ್ರೇನು. ಗ್ರೇನು 23 ದಾಟುವುದಿಲ್ಲವಾದ್ದರಿಂದ ವರ್ಷವೂ 2023 ದಾಟುವುದಿಲ್ಲ. 12ಕ್ಕೆ 5760, 7ಕ್ಕೆ 168, ಮೇಲೆ 19, ಒಟ್ಟು 5947 ಗ್ರೇನ್, 385.36 ಗ್ರಾಂ. ಇದನ್ನು ಮಾಡಬೇಕಾದ ಜಾಗ ಫಂಕ್ಷನ್ ಅಲ್ಲ, ಅದಕ್ಕಿಂತ ಮುಂಚೆ, ಕಡತವನ್ನು ಓದುವ ಹೊತ್ತು. ಅಲ್ಲಿ ಸೆಲ್‌ಗೆ ದಿನಾಂಕದ ವಿನ್ಯಾಸವಿದೆಯೇ ಎಂದು ಪಿಒಐಯನ್ನು ಕೇಳಬಹುದು. ಇದ್ದರೆ ಬಿಡಿಸಿ ಮೂರು ಕಾಲಮ್ಮಿಗೆ ಬರೆದು, ಮೂಲವನ್ನು ಪಕ್ಕದಲ್ಲೇ ಉಳಿಸಿ, ಬಣ್ಣ ಹಚ್ಚುತ್ತೇನೆ. ಮೇಡಂ ಒಂದೊಂದನ್ನೂ ಪುಸ್ತಕದ ಪಕ್ಕ ಇಟ್ಟು ನೋಡಲಿ. ರಿಪೇರಿ ಮಾಡುವುದಾದರೆ ಎಲ್ಲರ ಕಣ್ಣೆದುರು ಮಾಡಬೇಕು. ಫಂಕ್ಷನ್‌ನ ಹೊಟ್ಟೆಯೊಳಗೆ ಬಚ್ಚಿಟ್ಟ ಜಾಣತನವನ್ನು ನಾಳೆ ಯಾರೂ ಹುಡುಕಲಾರರು.

ಸಂಜೆ ಸ್ಟೇಷನ್ ರಸ್ತೆಯಲ್ಲಿ ಪಾನಿಪುರಿ. ಬೆಂಗಳೂರಿನ ಹಸಿರು ನೀರು ಕುಡಿದು ಬಂದವರಿಗೆ ನಮ್ಮೂರ ತಿಳಿನೀರಿನ ಖಾರ ಕಣ್ಣಿಗೆ ಕಾಣುವುದಿಲ್ಲ, ಗಂಟಲಿಗಿಳಿದ ಮೇಲೆ ಗೊತ್ತಾಗುತ್ತದೆ.

ಫೆಬ್ರವರಿ 28, ಬುಧವಾರ

2001ರಲ್ಲೂ ಈ ದಿನ ಬುಧವಾರವೇ. ಅಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಎಕ್ಸೆಲ್ ಲೆಕ್ಕದಲ್ಲಿ ಅದು 36950ನೆಯ ದಿನ.

ಗಾಡಿಯಲ್ಲಿ ಜೊತೆಗೆ ಬರುವ ಗೆಳೆಯ ಸಂಬಳದ ಲೆಕ್ಕದ ಕೆಲಸದವನು. ಅವನ ಶೀಟುಗಳ ತುಂಬ ಡೇಟ್‌ಡಿಫ್. ಲೋಟಸ್ 1-2-3 ಕಾಲದ ಹೊಂದಾಣಿಕೆಗಾಗಿ ಉಳಿಸಿಕೊಂಡ ಫಂಕ್ಷನ್ ಅದು. ಎರಡು ದಿನಾಂಕಗಳ ನಡುವೆ ಎಷ್ಟು ವರ್ಷ, ಉಳಿದ ತಿಂಗಳು, ಉಳಿದ ದಿನ ಎಂದು ಹೇಳುತ್ತದೆ. ಉಳಿದ ದಿನಗಳ ‘ಎಂಡಿ’ ಬಗೆಯನ್ನು ನಂಬಬೇಡಿ, ಸೊನ್ನೆಯೋ ಋಣ ಸಂಖ್ಯೆಯೋ ತಪ್ಪು ಸಂಖ್ಯೆಯೋ ಬರಬಹುದು ಎಂದು ಮೈಕ್ರೋಸಾಫ್ಟ್ ತಾನೇ ಬರೆದಿದೆ. ಬರೆದಿದೆ, ತಿದ್ದಿಲ್ಲ.

ಗ್ರಾಚ್ಯುಟಿ ಲೆಕ್ಕವನ್ನೇ ಪರೀಕ್ಷೆಗೆ ಹಚ್ಚಿದೆ. 1972ರ ಕಾಯ್ದೆಯಂತೆ ಕೊನೆಯ ತಿಂಗಳ ಸಂಬಳವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಮಿಕ್ಕಿದ್ದು ಆರು ತಿಂಗಳನ್ನು ದಾಟಿದರೆ ಅದೂ ಒಂದು ಪೂರ್ತಿ ವರ್ಷ. ನಾನೇ ಕಲ್ಪಿಸಿಕೊಂಡ ಒಬ್ಬ ಕಾರ್ಮಿಕ 1970ರ ಆಗಸ್ಟ್ 31ಕ್ಕೆ ಸೇರಿ 2001ರ ಫೆಬ್ರವರಿ 28ರವರೆಗೆ ದುಡಿದ. ಕೊನೆಯ ದಿನವನ್ನೂ ಸೇರಿಸಿದರೆ 30 ವರ್ಷ, 6 ತಿಂಗಳು, 1 ದಿನ. ಅಂದರೆ 31 ವರ್ಷದ ಹಣ. ಡೇಟ್‌ಡಿಫ್‌ಗೆ ಆ ಎರಡು ದಿನಾಂಕ ಕೊಟ್ಟರೆ 30 ವರ್ಷ, 5 ತಿಂಗಳು ಅನ್ನುತ್ತದೆ. ಕೊನೆಯ ದಿನ ಸೇರಲೆಂದು ಮಾರ್ಚ್ 1 ಕೊಟ್ಟರೆ 30 ವರ್ಷ, 6 ತಿಂಗಳು, ಋಣ 2 ದಿನ! 1ರಲ್ಲಿ 31 ಕಳೆದು ಫೆಬ್ರವರಿಯ 28 ಕೂಡಿದರೆ ಋಣ 2 ತಾನೇ. ದಿನ ಸೊನ್ನೆಗಿಂತ ಹೆಚ್ಚಿದೆಯೇ ಎಂದು ಕೇಳುವ ಶೀಟು ಆ ಮನುಷ್ಯನ ಒಂದು ವರ್ಷವನ್ನು ನುಂಗುತ್ತದೆ.

ಗೆಳೆಯನಿಗೆ ತೋರಿಸಿದೆ. “ಹಂಗಾದ್ರೆ ನಿನ್ನ ಲೈಬ್ರರೀಲಿ ಸರಿ ಮಾಡ್ಬಿಡೋ” ಅಂದ. ಮಾಡುವುದಿಲ್ಲ. ಡೇಟ್‌ಡಿಫ್ ಎಂಬ ಹೆಸರಿಟ್ಟ ಮೇಲೆ ಅದು ಋಣ 2 ಎಂದೇ ಹೇಳಬೇಕು. ಆಫೀಸಿನ ಪರದೆಯಲ್ಲಿ ಒಂದು ಉತ್ತರ, ಸರ್ವರ್‌ನಲ್ಲಿ ಇನ್ನೊಂದು ಬಂದರೆ ನಂಬುವುದು ಯಾವುದನ್ನು? ಸೇವಾವಧಿಗೆ ಬೇರೆ ಫಂಕ್ಷನ್, ಬೇರೆ ಹೆಸರು, ನಿಯಮವನ್ನು ತಲೆಯ ಮೇಲೇ ಬರೆದು. ಅದನ್ನು ಬರೆಯುತ್ತೇನೆ. ಅವನು ಒಪ್ಪಲಿಲ್ಲ, ಕೆ.ಆರ್.ಪುರದವರೆಗೂ ವಾದ ಮಾಡಿದ. ಅವನ ಮಾತಿನಲ್ಲೂ ಹುರುಳಿದೆ, ಸಂಬಳ ಕಡಿಮೆ ಬಂದವನಿಗೆ ಹೊಂದಾಣಿಕೆಯ ಕಥೆ ಹೇಳಲಾಗದು.

ಫೆಬ್ರವರಿ 29, ಗುರುವಾರ

ಈ ದಿನ ಉಂಟು. 1900ರಲ್ಲಿ ಇರಲಿಲ್ಲ. ನೂರರಿಂದ ಭಾಗವಾಗಿ ನಾನೂರರಿಂದ ಭಾಗವಾಗದ ವರ್ಷ ಅಧಿಕ ವರ್ಷವಲ್ಲ. ಆದರೆ ಲೋಟಸ್ 1-2-3 ಹೌದೆಂದು ಎಣಿಸಿತು, ಅದರ ಶೀಟುಗಳು ತನ್ನಲ್ಲೂ ನಡೆಯಲೆಂದು ಎಕ್ಸೆಲ್ ಆ ತಪ್ಪನ್ನು ಹಾಗೇ ಇಟ್ಟುಕೊಂಡಿತು. ಇವತ್ತಿಗೂ 60 ಎಂದು ಬರೆದು ದಿನಾಂಕ ಮಾಡಿದರೆ 1900ರ ಫೆಬ್ರವರಿ 29 ಬರುತ್ತದೆ. ಲಿಬ್ರೆಆಫೀಸ್‌ನವರು ಎಣಿಕೆಯನ್ನೇ 1899ರ ಡಿಸೆಂಬರ್ 30ರಿಂದ ಶುರು ಮಾಡಿ, ಮಾರ್ಚ್ 1ರಿಂದ ಎಕ್ಸೆಲ್ ಜೊತೆ ಸರಿಹೊಂದಿಸಿಕೊಂಡರು.

ನಮ್ಮ ಕೆಲಸಕ್ಕೆ ಇದು ತಟ್ಟುವುದು ಇನ್ನೊಂದು ಕಡೆ. ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಬಂದ 1902ರ ಜೂನ್ 30ಕ್ಕೆ ಎಕ್ಸೆಲ್‌ನಲ್ಲಿ 912 ಎಂಬ ಸಂಖ್ಯೆಯಿದೆ. ಜಾನ್ ಟೇಲರ್ ಕಂಪನಿ ಕೆಲಸ ಶುರು ಮಾಡಿದ 1880ಕ್ಕೂ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಹಳಿ ಬಂದ 1894ಕ್ಕೂ ಸಂಖ್ಯೆಯೇ ಇಲ್ಲ. 1900ಕ್ಕೆ ಹಿಂದಿನ ದಿನಾಂಕ ಎಕ್ಸೆಲ್‌ಗೆ ಬರೀ ಪಠ್ಯ. ಗಣಿಯ ಮೊದಲ ಇಪ್ಪತ್ತು ವರ್ಷ ಹಾಗೆ ಹೊರಗುಳಿಯುತ್ತದೆ. ಮೇಡಂಗೆ ಹೇಳಿದ್ದೇನೆ, ವರ್ಷ, ತಿಂಗಳು, ದಿನ ಮೂರು ಬೇರೆ ಕಾಲಂ ಮಾಡಿ, ಬರೀ ಸಂಖ್ಯೆ. “ಮತ್ತೆ ಮೂರು ಕಾಲಂ?” ಅಂದರು. ಹೌದು ಮೇಡಂ, ಮತ್ತೆ ಮೂರು ಕಾಲಂ.

ಮಾರ್ಚ್ 8, ಶುಕ್ರವಾರ

ಶಿವರಾತ್ರಿ. ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಹೋಗುವವರಿಂದ ಗಾಡಿ, ಬಸ್ಸು, ಆಟೊ ಎಲ್ಲ ತುಂಬಿ ತುಳುಕುತ್ತಿವೆ. ಮನೆಯಿಂದ ಹೊರಗೆ ಕಾಲಿಡಲಿಲ್ಲ.

ಊರಿನ ಹೆಸರುಗಳ ಹುಡುಕಾಟ ಕೈಕೊಟ್ಟಿದೆ. ಪಟ್ಟಿಯಲ್ಲಿ ‘ಬಂಗಾರಪೇಟೆ’ ಇದೆ, ವಿ-ಲುಕಪ್‌ಗೆ ಸಿಗುತ್ತಿಲ್ಲ. ಬೈಟುಗಳನ್ನು ಬಿಡಿಸಿ ನೋಡಿದರೆ ಒಂದು ಕಡೆಯ ‘ಪೇ’ಯಲ್ಲಿ ಏತ್ವ ಒಂದೇ ಚಿಹ್ನೆ, ಇನ್ನೊಂದು ಕಡೆ ಎತ್ವ ಬೇರೆ, ದೀರ್ಘ ಬೇರೆ. ಹಳೆಯ ಫಾಂಟಿನಲ್ಲಿದ್ದದ್ದನ್ನು ಯೂನಿಕೋಡಿಗೆ ತಿರುಗಿಸಿದ ಯಾವುದೋ ಪರಿವರ್ತಕ ಹೀಗೆ ಮಾಡಿದೆ. ಎರಡೂ ಒಂದೇ ಎಂದು ಯೂನಿಕೋಡ್ ಹೇಳುತ್ತದೆ. ಕಣ್ಣಿಗೂ ಒಂದೇ. ಜಾವಾಗೆ ಮಾತ್ರ ಬೇರೆ ಬೇರೆ. ಇದಕ್ಕೂ ಅದೇ ಮದ್ದು, ಕಡತ ಓದುವಾಗಲೇ ಎಲ್ಲವನ್ನೂ ಒಂದೇ ರೂಪಕ್ಕೆ ತರುವುದು. ಲುಕಪ್ ಮುಟ್ಟುವುದಿಲ್ಲ.

ಲೆನ್ ಕೂಡ ಮುಟ್ಟುವುದಿಲ್ಲ, ಮನಸ್ಸಿಲ್ಲದ ಮನಸ್ಸಿನಿಂದ. ‘ಮಾರಿಕುಪ್ಪಂ’ ನಾವು ಓದಿದರೆ ನಾಲ್ಕು ಅಕ್ಷರ. ಲೆನ್ 10 ಅನ್ನುತ್ತದೆ, ಕಾಗುಣಿತ, ಒತ್ತು, ಸೊನ್ನೆ ಎಲ್ಲ ಬಿಡಿಬಿಡಿ ಎಣಿಸಿ. ಎಡದಿಂದ ಎಂಟು ಕೊಡು ಎಂದು ಲೆಫ್ಟ್‌ಗೆ ಹೇಳಿದರೆ ‘ಮಾರಿಕುಪ್’ ಎಂದು ಕತ್ತರಿಸಿ ಕೈಗಿಡುತ್ತದೆ. ಥಾಯ್ ಜನರಿಗಾಗಿ ಹಣವನ್ನು ಅವರ ಮಾತಿನಲ್ಲೇ ಬರೆಯುವ ಬಾತ್‌ಟೆಕ್ಸ್ಟ್ ಎಂಬ ಫಂಕ್ಷನ್ ಎಕ್ಸೆಲ್‌ನಲ್ಲಿದೆ. ಕನ್ನಡಕ್ಕೆ ಅಂಥದ್ದಿಲ್ಲ. ಅಕ್ಷರ ಎಣಿಸುವುದಕ್ಕೆ, ರೂಪಾಯಿಯನ್ನು ಕನ್ನಡದಲ್ಲಿ ಬರೆಯುವುದಕ್ಕೆ ಎರಡು ಹೊಸ ಫಂಕ್ಷನ್ ಬರೆದು, ಅವಕ್ಕೆ ಅವುಗಳದೇ ಹೆಸರಿಟ್ಟು ನೋಂದಾಯಿಸಬಹುದು. ಬೇಸಿಗೆಯಲ್ಲಿ ನೋಡೋಣ.

ಮಾರ್ಚ್ 12, ಮಂಗಳವಾರ

ಕನ್ವರ್ಟ್ ಮುಗಿಯಿತು. ಪರೀಕ್ಷೆಗೆ ಬೇರೆ ಲೆಕ್ಕ ಹಾಕಬೇಕಾಗಲಿಲ್ಲ. ಎಕ್ಸೆಲ್ ಸೂತ್ರದ ಜೊತೆಗೆ ತಾನು ಕೊನೆಗೆ ಕಂಡ ಉತ್ತರವನ್ನೂ ಕಡತದಲ್ಲೇ ಉಳಿಸಿರುತ್ತದೆ. ಮೇಡಂ ಶೀಟಿನ ಪ್ರತಿ ಸೆಲ್‌ನಲ್ಲೂ ನಮ್ಮ ಉತ್ತರವನ್ನು ಅದರ ಪಕ್ಕ ಇಟ್ಟು ನೋಡಿದೆ. ಅಡಿ ಸರಿ, 10,500 ಅಡಿ 3200.4 ಮೀಟರ್. ಉಷ್ಣತೆ ಸರಿ. ಗ್ರೇನ್ ಸರಿ. ತಪ್ಪು ಮೊತ್ತದ ಆ ಸಮ್ ಕೂಡ ಎಕ್ಸೆಲ್ ಹೇಳಿದಷ್ಟೇ ತಪ್ಪು. ರಿಪೇರಿಯಾದ ಪ್ರತಿಯ ಮೊತ್ತ ಅದರ ಪಕ್ಕದಲ್ಲಿದೆ, ಬಣ್ಣ ಹಚ್ಚಿದ ಸೆಲ್‌ಗಳನ್ನು ಮೇಡಂ ಪುಸ್ತಕ ತೆರೆದಿಟ್ಟು ಒಂದೊಂದಾಗಿ ಗೀಟು ಹಾಕುತ್ತಿದ್ದಾರೆ. ತಾತ ಓದಿ ಹೇಳುವುದಂತೆ, ಇವರು ನೋಡುವುದಂತೆ.

ಟನ್ನಿನ ಕಾಲಂ ಉಳಿದಿದೆ. ಯಾವ ಟನ್ ಎಂದು ಪುಸ್ತಕದ ಮೊದಲ ಪುಟಗಳಲ್ಲೋ ಅಡಿಟಿಪ್ಪಣಿಯಲ್ಲೋ ಇರಬೇಕು, ಸಿಕ್ಕಿಲ್ಲ. “ಸದ್ಯಕ್ಕೆ ಯಾವುದಾದರೂ ಒಂದು ಹಾಕಿಬಿಡಿ, ಆಮೇಲೆ ಬದಲಾಯಿಸೋಣ” ಎಂದು ಮೇಡಂ ಮೆಸೇಜ್ ಹಾಕಿದ್ದಾರೆ. ಅಳತೆಯ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಕಾಲಮ್ಮಿನುದ್ದಕ್ಕೂ ‘#ಎನ್/ಎ’ ಬರುತ್ತಿದೆ. ಪುಸ್ತಕದಲ್ಲಿ ಸಿಗುವವರೆಗೆ ಬರಲಿ.